ಹಾಸನಕ್ಕೆ ಓದಲು ಬರುವವರಿಗೆ: ಕಾಲೇಜು ಹಾಸ್ಟೆಲ್ಲೋ, ಬಿಸಿಎಂ ಹಾಸ್ಟೆಲ್ಲೋ, ಪಿಜಿಯೋ, ರೂಮೋ?

ಸೀಟು ಸಿಕ್ಕಿದ್ದು ಖಚಿತವಾದ ಮೇಲೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ ವಿಚಾರಣೆ: ತಿಂಗಳಿಗೆ ಎಷ್ಟಾಗುತ್ತೆ? ಯಾವುದು ಕಡಿಮೆಯೋ ಅದಕ್ಕೆ ಅಡ್ವಾನ್ಸ್ ಕೊಟ್ಟು, ಟ್ರಂಕು ಇಳಿಸಿ, ಅಪ್ಪ ಅಮ್ಮ ಊರಿಗೆ ಹಿಂದಿರುಗುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಬೆಳಗಿನ ಮೊದಲ ಕ್ಲಾಸು ತಪ್ಪುತ್ತಿದೆ, ಊಟ ಸೇರುತ್ತಿಲ್ಲ, ಹೋಗಿ ಬರುವುದರಲ್ಲೇ ಸಂಜೆ ಮುಗಿಯುತ್ತಿದೆ ಎಂಬ ಫೋನು ಬರುತ್ತದೆ. ತಿಂಗಳ ಬಾಡಿಗೆಗಿಂತ ಮೊದಲು ನೋಡಬೇಕಾದದ್ದು ಕಾಲೇಜಿನ ಟೈಂಟೇಬಲ್. ಅದಾದ ಮೇಲೆ ಇಡೀ ವರ್ಷದ ಖರ್ಚು. ಬಾಡಿಗೆಯ ಮಾತು ಆಮೇಲಿನದು.

ಮೊದಲು ಟೈಂಟೇಬಲ್

ಹಿಮ್ಸ್‌ನಂಥ ಮೆಡಿಕಲ್ ಕಾಲೇಜಿನಲ್ಲಿ ಕ್ಲಿನಿಕಲ್ ಪೋಸ್ಟಿಂಗ್ ಶುರುವಾದರೆ ಆಸ್ಪತ್ರೆಯಲ್ಲಿ ಕಳೆಯುವ ಹೊತ್ತು ಹೆಚ್ಚುತ್ತದೆ. ಇಂಟರ್ನ್‌ಶಿಪ್ಪಿನಲ್ಲಂತೂ ರಾತ್ರಿ ಡ್ಯೂಟಿ ಇದ್ದೇ ಇರುತ್ತದೆ. ಇವರಿಗೆ ಹಾಸ್ಟೆಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಕಾರೆಕೆರೆಯ ಕೃಷಿ ಕಾಲೇಜು ಊರಿನಿಂದ ಹೊರಗಿದೆ, ಓದಿನಲ್ಲಿ ಜಮೀನಿನ ಕೆಲಸವೂ ಸೇರಿದೆ. ಪಶುವೈದ್ಯಕೀಯದವರಿಗೂ ಇದೇ ಮಾತು, ದನ ಕರುಗಳಿಗೆ ಭಾನುವಾರವಿಲ್ಲ. ಇಲ್ಲಿನವರು ಊರೊಳಗೆ ಪಿಜಿ ಹುಡುಕುವುದು ವ್ಯರ್ಥ ಶ್ರಮ.

ಎಂಜಿನಿಯರಿಂಗ್ ಹಾಗಲ್ಲ. ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಾಗಲಿ, ಡೈರಿ ಸರ್ಕಲ್ ಬಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಾಗಲಿ, ಲ್ಯಾಬು ಮುಗಿದು ಹೊರಬರುವಾಗ ಸಂಜೆಯಾಗಿರುತ್ತದೆ. ಮೊದಲ ಎರಡು ವರ್ಷ ಕ್ಯಾಂಪಸ್ಸಿನಲ್ಲಿ ಅಥವಾ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೆ ಆಗುವ ಲಾಭ ದೊಡ್ಡದು. ಕೊನೆಯ ವರ್ಷದ ಲೆಕ್ಕವೇ ಬೇರೆ. ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೋ ಮೈಸೂರಿಗೋ ಹೋದರೆ ವರ್ಷಕ್ಕೆಂದು ಕಟ್ಟಿದ ಹಾಸ್ಟೆಲ್ ಫೀಸಿನಲ್ಲಿ ಅರ್ಧ ನೀರಿಗೆ ಹಾಕಿದಂತೆ. ಆ ವರ್ಷಕ್ಕೆ ತಿಂಗಳ ಲೆಕ್ಕದ ಪಿಜಿ ವಾಸಿ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಲ್ಲಿ ಹಲವರಿಗೆ ಮಧ್ಯಾಹ್ನಕ್ಕೇ ಕ್ಲಾಸು ಮುಗಿಯುತ್ತದೆ. ದಿನವೂ ಊರಿನಿಂದ ಓಡಾಡುವ ದಾರಿ ನಿಜವಾಗಿ ತೆರೆದಿರುವುದು ಇವರಿಗೇ. ಹೇಮಗಂಗೋತ್ರಿಯಲ್ಲಿ ಎಂ.ಎ., ಎಂ.ಎಸ್ಸಿ. ಸೇರುವವರು ಲೈಬ್ರರಿಯ ಸಮಯ ಕೇಳಿಕೊಳ್ಳಬೇಕು. ಸಂಜೆ ಲೈಬ್ರರಿಯಲ್ಲಿ ಕೂರಬೇಕೆನ್ನುವವರಿಗೆ ಕ್ಯಾಂಪಸ್ ಹಾಸ್ಟೆಲ್ಲೇ ಸರಿ.

ಆಮೇಲೆ ವರ್ಷದ ಲೆಕ್ಕ

ಹಾಸ್ಟೆಲ್ ಫೀಸು ವರ್ಷಕ್ಕೊಮ್ಮೆ, ಮೆಸ್ ಬಿಲ್ಲು ತಿಂಗಳಿಗೊಮ್ಮೆ. ಪಿಜಿಗೆ ತಿಂಗಳ ಒಟ್ಟು ದುಡ್ಡು. ರೂಮಿಗೆ ಬಾಡಿಗೆ, ಕರೆಂಟು, ನೀರು, ಗ್ಯಾಸು, ಸಾಮಾನು ಎಲ್ಲವೂ ಬೇರೆ ಬೇರೆ. ತಿಂಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಆಗುವುದಿಲ್ಲ. ಕೆಳಗಿನವು ಲೆಕ್ಕ ತೋರಿಸಲಷ್ಟೇ ಹಾಕಿದ ಅಂಕಿಗಳು. ನೀವು ವಿಚಾರಿಸಿ ತಂದ ದರಗಳನ್ನು ಇವುಗಳ ಜಾಗದಲ್ಲಿಡಿ.

ಹಾಸ್ಟೆಲ್ ಫೀಸು 30,000 ರೂ., ಮೆಸ್ ತಿಂಗಳಿಗೆ 3,000ದಂತೆ ಹತ್ತು ತಿಂಗಳಿಗೆ 30,000. ಒಟ್ಟು 60,000. ಪಿಜಿ ತಿಂಗಳಿಗೆ 6,500 ಎಂದುಕೊಳ್ಳಿ. ರಜೆಯಲ್ಲಿ ಹಾಸಿಗೆ ಬಿಟ್ಟುಕೊಟ್ಟು ಹೋಗಬಹುದಾದರೆ ಹತ್ತು ತಿಂಗಳಿಗೆ 65,000. ಹಾಸಿಗೆ ಉಳಿಸಿಕೊಳ್ಳಲು ರಜೆಯ ಬಾಡಿಗೆಯನ್ನೂ ಕೊಡಬೇಕೆಂದರೆ 78,000. ಎರಡು ಬೆಡ್‌ರೂಮಿನ ಮನೆಯಲ್ಲಿ ನಾಲ್ವರು, ಬಾಡಿಗೆ 10,000 ಎಂದಾದರೆ ತಲೆಗೆ 2,500ದಂತೆ ಹನ್ನೆರಡು ತಿಂಗಳಿಗೆ 30,000. ಅಡುಗೆ ಮಾಡಿಕೊಂಡರೆ ರೇಷನ್ನು, ತರಕಾರಿಗೆ ಹತ್ತು ತಿಂಗಳಿಗೆ 25,000. ಕರೆಂಟು, ನೀರು, ಗ್ಯಾಸಿಗೆ 6,000. ಮೊದಲ ವರ್ಷ ಹಾಸಿಗೆ, ಒಲೆ, ಪಾತ್ರೆ, ಬಕೆಟ್ಟಿಗೆ 8,000. ಮೊದಲ ವರ್ಷ 69,000, ಎರಡನೇ ವರ್ಷ 61,000. ರೂಮು ಬಲು ಅಗ್ಗ ಎಂಬ ನಂಬಿಕೆ ಮೊದಲ ವರ್ಷದ ಮಟ್ಟಿಗೆ ಸುಳ್ಳಾಗುವುದು ಹೀಗೆ. ನಾಲ್ವರಲ್ಲಿ ಒಬ್ಬರು ಆರು ತಿಂಗಳಿಗೆ ಬಿಟ್ಟು ಹೋದರೆ ಉಳಿದ ಮೂವರ ಮೇಲೆ ತಲೆಗೆ ಇನ್ನೂ 5,000 ರೂ. ಬೀಳುತ್ತದೆ.

ಕಾಲೇಜು ಹಾಸ್ಟೆಲ್

ಹಾಸ್ಟೆಲ್ ಚೆನ್ನಾಗಿದೆಯೋ ಇಲ್ಲವೋ ಎಂಬುದರಲ್ಲಿ ಮುಕ್ಕಾಲು ಪಾಲು ಮೆಸ್ಸಿನ ಮಾತು. ಕೇಳಬೇಕಾದ ಮೊದಲ ಪ್ರಶ್ನೆ: ಮೆಸ್ ಕಾಂಟ್ರ್ಯಾಕ್ಟಿನದೋ, ಡಿವೈಡಿಂಗ್ ಸಿಸ್ಟಮ್ಮಿನದೋ? ಕಾಂಟ್ರ್ಯಾಕ್ಟಿನಲ್ಲಿ ತಿಂಗಳ ದರ ಮೊದಲೇ ಗೊತ್ತಿರುತ್ತದೆ. ಉಂಡರೂ ಬಿಟ್ಟರೂ ಅಷ್ಟೇ. ಡಿವೈಡಿಂಗ್‌ನಲ್ಲಿ ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಎಲ್ಲರ ಹಾಜರಿ ದಿನಗಳಿಂದ ಭಾಗಿಸಿ, ದಿನದ ದರ ತೆಗೆಯುತ್ತಾರೆ. 120 ಮಂದಿ 30 ದಿನ ಉಂಡರೆ 3,600 ದಿನ. ಖರ್ಚು 3,60,000 ಆದರೆ ದಿನಕ್ಕೆ 100 ರೂ., ತಿಂಗಳಿಗೆ 3,000. ಆ ಖರ್ಚಿನಲ್ಲಿ 90,000 ಅಡುಗೆಯವರ ಸಂಬಳದಂಥ ಕದಲದ ಖರ್ಚು ಎಂದುಕೊಳ್ಳಿ. ಹಬ್ಬದ ತಿಂಗಳಲ್ಲಿ ಹಾಜರಿ 3,000 ದಿನಕ್ಕೆ ಇಳಿದರೆ ದಿನಸಿ ಖರ್ಚು 2,70,000ದಿಂದ 2,25,000ಕ್ಕೆ ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ದಿನದ ದರ 105 ರೂ. ಆಗುತ್ತದೆ. 25 ದಿನ ಉಂಡವರ ಬಿಲ್ಲು 2,625ಕ್ಕೆ ಇಳಿಯುತ್ತದೆ, ಊರಿಗೆ ಹೋಗದೆ 30 ದಿನ ಉಂಡವರದು 3,150ಕ್ಕೆ ಏರುತ್ತದೆ. ರೇಟು ಏಕೆ ಏರಿತು ಎಂಬ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಲೆಕ್ಕ ಗೊತ್ತಿಲ್ಲದೆ.

ಎರಡನೆಯದು ಮೆಸ್ ರಿಡಕ್ಷನ್, ಅಂದರೆ ಉಣ್ಣದ ದಿನಗಳ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುವುದು. ಹಾಸನದ ಹಾಸ್ಟೆಲ್‌ಗಳಲ್ಲಿ ಬೇಲೂರು, ಅರಸೀಕೆರೆ, ಹೊಳೆನರಸೀಪುರ, ಅರಕಲಗೂಡು ಕಡೆಯ ಹುಡುಗ ಹುಡುಗಿಯರು ಬಹಳ. ಶನಿವಾರ ಸಂಜೆ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಬರುವುದು. ಆದರೆ ಬಹಳಷ್ಟು ಮೆಸ್‌ಗಳಲ್ಲಿ ಸತತ ಕೆಲವು ದಿನ ಗೈರುಹಾಜರಾಗಿ, ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ ರಿಡಕ್ಷನ್. ಶನಿವಾರ ರಾತ್ರಿ, ಭಾನುವಾರದ ಊಟ ಕಡಿತವಾಗುವುದಿಲ್ಲ. ವಾರವಾರ ಊರಿಗೆ ಹೋಗುವವರು ಉಣ್ಣದ ಊಟಕ್ಕೆ ತಿಂಗಳಿಗೆ ಆರೇಳು ದಿನದ ದುಡ್ಡು ಕಟ್ಟುತ್ತಾರೆ. ಎಷ್ಟು ದಿನಕ್ಕೆ ರಿಡಕ್ಷನ್ ಎಂಬುದನ್ನು ಮೆಸ್ ಮ್ಯಾನೇಜರರ ಬಾಯಿಂದಲ್ಲ, ಹಾಸ್ಟೆಲ್ ನಿಯಮಾವಳಿಯಲ್ಲಿ ಓದಿ ತಿಳಿಯಿರಿ.

ಗೇಟಿನ ಸಮಯ ಕೇಳಿ, ಹುಡುಗಿಯರ ಹಾಸ್ಟೆಲ್ಲಿನದನ್ನು ಬೇರೆಯಾಗಿಯೇ ಕೇಳಿ. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ವಾರ್ಡನ್ ಹಾಸ್ಟೆಲ್ಲಿನಲ್ಲೇ ಇರುತ್ತಾರೋ ಊರೊಳಗಿನ ಮನೆಯಲ್ಲೋ? ಪರೀಕ್ಷೆಯ ಮುಂಚಿನ ರಜೆಯಲ್ಲಿ ಮೆಸ್ ನಡೆಯುತ್ತದೆಯೇ? ಸೆಮಿಸ್ಟರ್ ಮುಗಿದ ಮೇಲೆ ಸಪ್ಲಿಮೆಂಟರಿ ಪರೀಕ್ಷೆ ಇರುವವರನ್ನು ಉಳಿಯಲು ಬಿಡುತ್ತಾರೆಯೇ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಆಮೇಲೆ ಪರೀಕ್ಷೆಯ ನಡುವೆ ಲಾಡ್ಜ್ ಹುಡುಕುತ್ತಾರೆ.

ರ‍್ಯಾಗಿಂಗ್ ವಿಷಯದಲ್ಲಿ ಮುಚ್ಚುಮರೆ ಬೇಡ. ಯುಜಿಸಿಯ 2009ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಮತ್ತು ಪೋಷಕರಿಬ್ಬರೂ ಪ್ರತಿವರ್ಷ ಮುಚ್ಚಳಿಕೆ ಕೊಡಬೇಕು. ಮೊದಲ ವರ್ಷದವರಿಗೆ ಪ್ರತ್ಯೇಕ ಬ್ಲಾಕ್ ಇದೆಯೇ ಎಂದು ಹೋಗಿ ಕಣ್ಣಾರೆ ನೋಡಿ. ರಾಷ್ಟ್ರೀಯ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಮಕ್ಕಳ ಫೋನಿನಲ್ಲಿ ಅದನ್ನು ಸೇವ್ ಮಾಡಿಸಿ ಕಳಿಸಿ.

ಹಾಸ್ಟೆಲ್ ಸೀಟನ್ನು ಒಮ್ಮೆ ಬಿಟ್ಟರೆ ಎರಡನೇ ವರ್ಷ ಮತ್ತೆ ಸಿಗುವುದು ಕಷ್ಟ, ಹೊಸಬರಿಗೇ ಸಾಲದು. ಹಾಸ್ಟೆಲ್ ಒಗ್ಗದೆ ಪಿಜಿಗೆ ಯಾವಾಗ ಬೇಕಾದರೂ ಹೋಗಬಹುದು, ಪಿಜಿ ಒಗ್ಗದೆ ಹಾಸ್ಟೆಲ್ಲಿಗೆ ಬರಲಾಗುವುದಿಲ್ಲ. ಎರಡೂ ಸರಿಸಮ ಎನಿಸಿದರೆ ಮೊದಲ ವರ್ಷ ಹಾಸ್ಟೆಲ್ ಹಿಡಿಯಿರಿ ಎನ್ನಲು ಇದೇ ಕಾರಣ.

ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು

ಅರ್ಹತೆ ಇದ್ದರೆ ಮೊದಲ ಅರ್ಜಿ ಹೋಗಬೇಕಾದದ್ದು ಇಲ್ಲಿಗೆ. ಊಟವೂ ವಸತಿಯೂ ಉಚಿತ. ರಾಜ್ಯ ಹಾಸ್ಟೆಲ್ ಪೋರ್ಟಲ್ಲಿನಲ್ಲಿ ಆನ್‌ಲೈನ್ ಅರ್ಜಿ. ಆದಾಯ ಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆ ಬೇರೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಬೇಕು.

ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದಾಗ ಬರುವ ಹೆಸರು ಆಧಾರಿನ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ತಾಳೆಯಾಗುವುದಿಲ್ಲ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ನಾಡಕಚೇರಿಗೆ ಹೋಗಿ ಎರಡನ್ನೂ ಸರಿಮಾಡಿಸಿಕೊಳ್ಳಿ. ಅರ್ಜಿ ಕರೆದ ಮೇಲೆ ಓಡಿದರೆ ಕ್ಯೂ ಉದ್ದ, ದಿನ ಕಡಿಮೆ.

ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಶುರುವಿನಲ್ಲಿ ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳಿಗೆ 15,000 ಎಂಬ ಲೆಕ್ಕದಲ್ಲಿ ಬಂದ ಊಟ-ವಸತಿ ನೆರವು ಇದು. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ. ದುಡ್ಡು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ಬರುತ್ತದೆ. ತಡವಾಗಿ ಬರುವುದೂ ಉಂಟು, ಹಾಗಾಗಿ ಈ ತಿಂಗಳ ಬಾಡಿಗೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಇಲಾಖೆಯ ಹಾಸ್ಟೆಲ್‌ಗಳ ತೊಡಕೆಂದರೆ ದೂರ. ಅಲಾಟ್ ಆದ ಹಾಸ್ಟೆಲ್ ಊರಿನ ಒಂದು ತುದಿ, ಕಾಲೇಜು ಇನ್ನೊಂದು ತುದಿ ಆಗಬಹುದು. ಹಾಗಾದರೂ ಬಿಡಬೇಡಿ. ವರ್ಷಕ್ಕೆ ಅರವತ್ತು ಸಾವಿರ ಉಳಿಯುವಾಗ ಸಿಟಿ ಬಸ್ಸಿನ ಖರ್ಚು ದೊಡ್ಡದಲ್ಲ.

ಪಿಜಿ: ಗೀಸರ್, ಪ್ಲಗ್ಗು, ಸಂಪು

ಪಿಜಿ ನೋಡಲು ಹೋದವರಿಗೆ ತೋರಿಸುವುದು ಮಂಚ, ಬೀರು, ವೈಫೈ. ನೀವು ನೋಡಬೇಕಾದ್ದು ಬಾತ್‌ರೂಮು. ಹಾಸನದ ಚಳಿಗೆ ಬಿಸಿನೀರಿಲ್ಲದೆ ಆಗದು. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ತಣ್ಣೀರನ್ನು ಸ್ನಾನಕ್ಕೆ ಸಾಕಾಗುವಷ್ಟು ಕಾಯಿಸಲು ಸುಮಾರು ಹದಿನೈದರಿಂದ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಗೀಸರಿಗೆ ಆರು ಜನ ಎಂದರೆ ಆರನೆಯವರ ಸರದಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಬೆಳಗಿನ ಕ್ಲಾಸು ತಪ್ಪುವುದು ಇಲ್ಲಿ. ಒಂದು ಗೀಸರಿಗೆ ನಾಲ್ವರಿಗಿಂತ ಹೆಚ್ಚಿದ್ದರೆ ಬೇರೆ ಪಿಜಿ ನೋಡಿ.

ಸೋಲಾರ್ ಇದೆ ಎಂದರೆ ಸಮಾಧಾನಪಡಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ದಿನಗಳೇ ಹೆಚ್ಚು, ಆಗ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಟ್ಯಾಂಕಿಗೆ ಕರೆಂಟಿನ ಕಾಯಿಲ್ ಇದೆಯೇ, ಮಳೆಗಾಲದಲ್ಲಿ ಅದನ್ನು ಹಾಕುತ್ತಾರೆಯೇ ಎಂದು ಈಗಾಗಲೇ ಇರುವವರನ್ನು ಕೇಳಿ, ಓನರನ್ನಲ್ಲ.

ಬಿಸಿನೀರು ಸಾಲದ ಕಡೆ ಹುಡುಗರು ಹೀಟರ್ ರಾಡ್ ತರುತ್ತಾರೆ. ಇದು ಅಪಾಯದ ಮೂಲ. 1,500 ವ್ಯಾಟಿನ ರಾಡ್ 230 ವೋಲ್ಟಿಗೆ ಆರೂವರೆ ಆಂಪಿಯರ್ ಎಳೆಯುತ್ತದೆ. ಮಂಚದ ಪಕ್ಕದ ಸಣ್ಣ ಪ್ಲಗ್ ಪಾಯಿಂಟು 6 ಆಂಪಿಯರಿನದು. ಅದರಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ, ಇನ್ನೊಂದು ಕಡೆ ಇಂಡಕ್ಷನ್ ಸ್ಟೌ ಇಟ್ಟರೆ ಸಾಕೆಟ್ ಒಳಗೇ ಕರಗಲು ಶುರುವಾಗುತ್ತದೆ. ಮೊದಲ ಗುರುತು ಪ್ಲಗ್ಗಿನ ಸುತ್ತ ಹಳದಿ-ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ರೂಮು ನೋಡುವಾಗ ಪ್ರತಿಯೊಂದು ಸಾಕೆಟ್ಟಿನ ಮುಖ ನೋಡಿ. ಕಲೆ ಕಂಡರೆ ಹಿಂದಿನವರು ಅಲ್ಲಿ ಏನು ಹಾಕುತ್ತಿದ್ದರು ಎಂಬುದು ಗೊತ್ತಾಗುತ್ತದೆ. ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಪಾಯಿಂಟು ಇಲ್ಲದ ಕಡೆ ರಾಡೂ ಬೇಡ, ಇಂಡಕ್ಷನ್ನೂ ಬೇಡ.

ನೀರು. ಹಾಸನಕ್ಕೆ ಬರುವುದು ಹೇಮಾವತಿ ನೀರು. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಬಡಾವಣೆಯಿಂದ ಬಡಾವಣೆಗೆ ಬೇರೆ. ಸ್ನಾನ, ಶೌಚ, ಬಟ್ಟೆಗೆ ತಲೆಗೆ ದಿನಕ್ಕೆ 100 ಲೀಟರ್ ಎಂದಿಟ್ಟುಕೊಂಡರೆ ಇಪ್ಪತ್ತು ಮಂದಿಗೆ 2,000 ಲೀಟರ್. ಮೂರು ದಿನಕ್ಕೊಮ್ಮೆ ನೀರು ಬರುವ ಕಡೆ ಸಂಪೂ ಟ್ಯಾಂಕೂ ಸೇರಿ 6,000 ಲೀಟರ್ ಹಿಡಿಯಬೇಕು. ಇಲ್ಲವಾದರೆ ಬೋರ್‌ವೆಲ್ ಇರಲೇಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಆ ದುಡ್ಡು ಯಾರ ತಲೆಗೆ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ತೇವವನ್ನು ಕಂಡುಹಿಡಿಯಲು ಮಂಚದ ಹಿಂದಿನ ಗೋಡೆಯ ಬುಡಕ್ಕೆ ಕೈಯಿಟ್ಟು ನೋಡಿ. ಮೇ ತಿಂಗಳಲ್ಲಿ ಹೊಸದಾಗಿ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಜುಲೈನಲ್ಲಿ ಅದೇ ಗೋಡೆ ಉಬ್ಬಿ, ಬೀರುವಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಚಿಕ್ಕಮಗಳೂರಿನಲ್ಲಿ ಓದುವವರಿಗೆ ಈ ಮಾತು ಎರಡು ಪಟ್ಟು. ಅಲ್ಲಿ ಪಿಜಿಯ ಬಾಡಿಗೆ ಕೇಳುವ ಮುಂಚೆ ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಹಾಕುತ್ತೀರಿ ಎಂದು ಕೇಳಬೇಕು. ಟೆರೇಸಿಗೆ ಶೀಟು ಹಾಕಿದ ಜಾಗವಿದ್ದರೆ ಒಳ್ಳೆಯದು.

ಊಟ ಪರೀಕ್ಷಿಸಲು ಭಾನುವಾರ ರಾತ್ರಿ ಹೋಗಿ. ವಾರದ ಮಧ್ಯಾಹ್ನ ಎಲ್ಲ ಪಿಜಿಗಳಲ್ಲೂ ಅನ್ನ, ಸಾರು, ಪಲ್ಯ ಚೆನ್ನಾಗಿಯೇ ಇರುತ್ತದೆ. ಅರ್ಧ ಜನ ಊರಿಗೆ ಹೋಗಿರುವ ಭಾನುವಾರ ರಾತ್ರಿ ಒಲೆ ಹಚ್ಚುತ್ತಾರೋ, ಮಧ್ಯಾಹ್ನದ್ದನ್ನೇ ಬಿಸಿಮಾಡುತ್ತಾರೋ ಎಂಬುದು ಅಡುಗೆಮನೆಯ ನಿಜವಾದ ಗುಟ್ಟು. ಮುದ್ದೆ ಬೇಕೆನ್ನುವವರು ವಾರಕ್ಕೆ ಎಷ್ಟು ದಿನ ಎಂದು ಕೇಳಿ, "ಮಾಡ್ತೀವಿ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಒಂದು ವಿಷಯ ತಿಳಿದಿರಲಿ: ತಲೆಗೆ ತಿಂಗಳಿಗೆ 20,000 ರೂ. ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಸತಿಗೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ.

ರೂಮು ಮಾಡುವವರಿಗೆ

ಮೂವರು ನಾಲ್ವರು ಒಂದೇ ಊರಿನವರು, ಒಂದೇ ಕಾಲೇಜಿನವರು ಸೇರಿದಾಗ ರೂಮು ಚೆನ್ನಾಗಿ ನಡೆಯುತ್ತದೆ. ಗುರುತಿಲ್ಲದವರ ಜೊತೆ ಮೊದಲ ವರ್ಷವೇ ರೂಮು ಮಾಡುವುದು ಬೇಡ. 11 ತಿಂಗಳ ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ. ಒಬ್ಬರ ಹೆಸರಲ್ಲಿ ಮಾತ್ರ ಇದ್ದರೆ ಮಿಕ್ಕವರು ಬಿಟ್ಟು ಹೋದಾಗ ಪೂರ್ತಿ ಬಾಡಿಗೆಯ ಹೊಣೆ ಆ ಒಬ್ಬರದೇ. ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಹಿಡಿಯುವುದು ವಾಡಿಕೆ. ಎಷ್ಟು ಹಿಡಿಯುತ್ತಾರೆ ಎಂಬುದು ಕರಾರಿನಲ್ಲೇ ಬರಲಿ. ಬೀಗದ ಕೈ ತೆಗೆದುಕೊಂಡ ದಿನ ಪ್ರತಿ ಗೋಡೆ, ನಲ್ಲಿ, ಕಿಟಕಿಯ ವಿಡಿಯೊ ಮಾಡಿ ಓನರ್‌ಗೆ ವಾಟ್ಸಾಪಿನಲ್ಲಿ ಕಳಿಸಿ.

ಗ್ಯಾಸಿಗೆ ಪರದಾಡಬೇಕಿಲ್ಲ. 5 ಕೆಜಿಯ ಛೋಟು ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ದಾಖಲೆ ಬೇಡ. ಕರೆಂಟಿಗೆ ಮನೆಯ ಮೀಟರ್ ಬೇರೆಯೇ ಇದೆಯೇ ನೋಡಿ. ಸ್ವಂತ ಮೀಟರಿದ್ದು ಕರಾರು ಪತ್ರವಿದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಓನರ್ ಮನೆಯ ಮೀಟರಿನಿಂದ ಲೈನ್ ಎಳೆದು ಯೂನಿಟ್ಟಿಗಿಷ್ಟು ಎಂದು ವಸೂಲಿ ಮಾಡುವ ಕಡೆ ಆ ಅನುಕೂಲ ಸಿಗದು.

ಊರಿನಿಂದಲೇ ಓಡಾಡುವುದು

ಆಲೂರಿನಿಂದ ಹಾಸನಕ್ಕೆ ಹದಿಮೂರು ಕಿಲೋಮೀಟರಿನ ಆಸುಪಾಸು. ಅಲ್ಲಿಯವರು ಮನೆಯಲ್ಲೇ ಇರುವುದು ಲೇಸು. ಸಕಲೇಶಪುರ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ ಎಲ್ಲವೂ ನಲವತ್ತರ ಹತ್ತಿರ ಹತ್ತಿರ. ಬಸ್ಸಿಗೆ ಕಾಯುವುದೂ ಸೇರಿ ದಿನಕ್ಕೆ ಮೂರು ಗಂಟೆ ಹೋಗುತ್ತದೆ. 200 ದಿನಕ್ಕೆ 600 ಗಂಟೆ. ಮಧ್ಯಾಹ್ನಕ್ಕೆ ಕ್ಲಾಸು ಮುಗಿಯುವ ಡಿಗ್ರಿಯವರು ಇದನ್ನು ತಡೆದುಕೊಳ್ಳುತ್ತಾರೆ, ಲ್ಯಾಬ್ ಇರುವವರು ಎರಡನೇ ಸೆಮಿಸ್ಟರಿಗೆ ಸುಸ್ತಾಗುತ್ತಾರೆ.

ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ, ಗುರುತಿನ ಚೀಟಿ ಜೊತೆಯಲ್ಲಿರಲಿ. ಹುಡುಗರು ರಿಯಾಯಿತಿ ಪಾಸ್ ಮಾಡಿಸಬೇಕು, ಕಾಲೇಜು ಶುರುವಾದ ಮೇಲೆ ಅದು ಕೈಗೆ ಬರಲು ಸ್ವಲ್ಪ ದಿನ ಹಿಡಿಯುತ್ತದೆ. ಖರ್ಚು ಇಲ್ಲವೆಂಬ ಒಂದೇ ಕಾರಣಕ್ಕೆ ಮಗಳನ್ನು ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡಾಡಿಸುವ ಮುಂಚೆ, ಸಂಜೆ ಕ್ಲಾಸು ಬಿಟ್ಟ ಮೇಲೆ ನಿಮ್ಮ ಹಳ್ಳಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅದು ತಪ್ಪಿದರೆ ದಾರಿ ಏನು ಎಂದು ಯೋಚಿಸಿ.

ದುಡ್ಡು ಕಟ್ಟುವುದು ಯಾವಾಗ

ಸಿಇಟಿಯಲ್ಲಿ ಸೀಟು ಪಡೆದು ಚಾಯ್ಸ್ 2 ಕೊಟ್ಟವರು, ಅಂದರೆ ಮುಂದಿನ ಸುತ್ತಿಗೂ ಕಾಯುವವರು, ಹಾಸ್ಟೆಲ್ಲಿಗಾಗಲಿ ಪಿಜಿಗಾಗಲಿ ಪೂರ್ತಿ ಹಣ ಕಟ್ಟಬೇಡಿ. ಕಾಲೇಜು ಬದಲಾದರೆ ಆ ದುಡ್ಡು ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಚಾಯ್ಸ್ 1 ಕೊಟ್ಟವರು, ಅಂದರೆ ಸಿಕ್ಕ ಸೀಟನ್ನೇ ಒಪ್ಪಿಕೊಂಡವರು, ಕಾಲೇಜಿಗೆ ಸೇರುವ ದಿನವೇ ಹಾಸ್ಟೆಲ್ ಫಾರಂ ತುಂಬಿ. ಕೊನೆಯ ಸುತ್ತಿನಲ್ಲಿ ಬರುವವರಿಗೆ ಹಾಸ್ಟೆಲ್ ತುಂಬಿರುವ ಸಾಧ್ಯತೆಯೇ ಹೆಚ್ಚು. ಅವರು ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ, ಒಂದೆರಡು ತಿಂಗಳ ಮಟ್ಟಿಗೆ ಮಾತ್ರ ಪಿಜಿ ಹಿಡಿಯುವುದು ಸರಿ. ಸೇರಿದ ಮೊದಲ ವಾರಗಳಲ್ಲಿ ಹಾಸ್ಟೆಲ್ ಬಿಟ್ಟು ಹೋಗುವವರು ಪ್ರತಿವರ್ಷ ಇದ್ದೇ ಇರುತ್ತಾರೆ.

ಮಕ್ಕಳನ್ನು ನೋಡಲು ಬರುವ ಮನೆಯವರಿಗೊಂದು ಮಾತು. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಿರುವ ದೀಪಾವಳಿ ಆಸುಪಾಸಿನ ದಿನಗಳಲ್ಲಿ ಊರಿನ ಲಾಡ್ಜ್‌ಗಳು ತುಂಬಿರುತ್ತವೆ, ಬಸ್ಸುಗಳೂ ತುಂಬಿ ಬರುತ್ತವೆ. ಬರುವುದಿದ್ದರೆ ಆ ದಿನಗಳನ್ನು ಬಿಟ್ಟು ಬನ್ನಿ.

ಹಾಸ್ಟೆಲ್ಲಿಗೆ ಸೇರುವಾಗ ಕಟ್ಟಿ, ಬಿಡುವಾಗ ವಾಪಸ್ ಪಡೆಯುವ ಕಾಷನ್ ಡಿಪಾಸಿಟ್ಟಿನ ರಸೀದಿಯನ್ನು ಮನೆಯಲ್ಲಿಡಿ, ಹಾಸ್ಟೆಲ್ ಟ್ರಂಕಿನಲ್ಲಲ್ಲ. ನಾಲ್ಕು ವರ್ಷದ ನಂತರ ಆಫೀಸಿನವರು ಮೊದಲು ಕೇಳುವುದು ಅದನ್ನೇ. ಜೊತೆಗೆ ಮೆಸ್ ಬಾಕಿ ಇಲ್ಲವೆಂಬ ಚೀಟಿ, ರೂಮಿನ ಮಂಚ, ಫ್ಯಾನು, ಬೀಗ ಸರಿಯಾಗಿವೆ ಎಂಬ ವಾರ್ಡನ್ ಸಹಿ ಬೇಕು. ಇವನ್ನು ಕೊನೆಯ ಪರೀಕ್ಷೆಯ ವಾರದಲ್ಲೇ ಪಡೆದು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಸಮೇತ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಹೊರಡಿ.